ವಾಶರಿಗೆ ಎಂಟು ಪುಟ

ಕಳೆದ ತಿಂಗಳು ನಮ್ಮ ಬಚ್ಚಲುಮನೆಯ ಗೀಸರ್ ಒಂದು ಕಡೆಗೆ ವಾಲಿಕೊಂಡು, ಇವತ್ತೋ ನಾಳೆಯೋ ನನ್ನ ತಲೆಯ ಮೇಲೆ ಬೀಳುವ ಹಾಗಿತ್ತು. ಪ್ಲಂಬರ್ ಬಂದು ಬೋಲ್ಟು ಬಿಚ್ಚಿದ. ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದು, "ಸ್ವಲ್ಪ ಹಿಡ್ಕೊಳ್ಳಿ ಆಂಟಿ" ಎಂದು ನನ್ನ ಅಂಗೈಗೆ ಸುರಿದ. ನಾಲ್ಕು ಉಕ್ಕಿನ ವಾಶರು. ನಡುವೆ ತೂತಿರುವ ಪುಟ್ಟ ಬಿಲ್ಲೆಗಳು ಗೊತ್ತಲ್ಲ, ಬೋಲ್ಟಿನ ತಲೆಯ ಕೆಳಗೆ ಕೂತು ಯಾರ ಕಣ್ಣಿಗೂ ಬೀಳದೆ ಇರುವಂಥವು. ಹೊಸವು, ಇನ್ನೂ ಎಣ್ಣೆಯ ಜಿಡ್ಡು ಹೋಗಿರಲಿಲ್ಲ. ಒಂದನ್ನು ಮೂಗಿನ ಹತ್ತಿರ ಹಿಡಿದು ಮೂಸಿದೆ. ಪ್ಲಂಬರ್ ನನ್ನನ್ನು ನೋಡಿದ ನೋಟದಲ್ಲಿ 'ಪಾಪ, ವಯಸ್ಸಾಯ್ತು' ಎಂಬುದು ಚೆನ್ನಾಗಿಯೇ ಕಾಣುತ್ತಿತ್ತು. ಅವನಿಗೇನು ಗೊತ್ತು! ನಾನು ಆಗಲೇ ನಲವತ್ತು ವರ್ಷ ಹಿಂದೆ ಹೋಗಿ, ಪೀಣ್ಯದ ಒಂದು ತಗಡಿನ ಶೆಡ್ಡಿನ ಬಾಗಿಲಲ್ಲಿ, ಕೆಂಪು ಕೆಸರು ಮೆತ್ತಿದ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ಒಂದು ಮಳೆಗಾಲದಲ್ಲಿ ನಾನು ಬರೆಯುವುದನ್ನು ಕಲಿತೆ. ಕಲಿಯುವ ಭರದಲ್ಲಿ ಎರಡೇ ಎರಡು ಶಬ್ದಗಳಿಂದ ಒಬ್ಬ ಮನುಷ್ಯನ ಹೊಟ್ಟೆಯ ಮೇಲೆ ಹೊಡೆಯುವುದರಲ್ಲಿದ್ದೆ. ಅದು ತಪ್ಪಿದ್ದು ನನ್ನ ಜಾಣತನದಿಂದಲ್ಲ. ಒಬ್ಬ ಸಿಡುಕು ಮುದುಕರ ಹಟದಿಂದ.

ನಾನಾಗ ಗಾಂಧಿನಗರದ ಹಳೆಯ ಕಟ್ಟಡವೊಂದರ ಮಹಡಿಯಲ್ಲಿದ್ದ ವಾರಪತ್ರಿಕೆಯಲ್ಲಿ ಉಪಸಂಪಾದಕಿ. ಹೆಸರು ದೊಡ್ಡದು. ಕೆಲಸವೇನಪ್ಪಾ ಅಂದರೆ, ಉಪ್ಪಿನಕಾಯಿಗೆ ಬೂಸ್ಟು ಹಿಡಿಯದಿರಲು ಏನು ಮಾಡಬೇಕೆಂದು ಓದುಗರು ಬರೆದು ಕಳಿಸಿದ್ದನ್ನು ತಿದ್ದಿ, ಕತ್ತರಿಸಿ, ಅಡುಗೆ ಪುಟಕ್ಕೆ ತುಂಬುವುದು. ಎರಡು ವರ್ಷ ಅದನ್ನೇ ಮಾಡಿ ನನಗೆ ಉಪ್ಪಿನಕಾಯಿ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು. ನನಗೆ ಬೇಕಾಗಿದ್ದದ್ದು ಮುಖಪುಟದ ಲೇಖನ. ಎಂಟೋ ಹತ್ತೋ ಪುಟಗಳ ಒಂದೇ ದೊಡ್ಡ ಬರಹ. ಜನ ಅದನ್ನು ಬಸ್ಸಿನಲ್ಲಿ ಶುರು ಮಾಡಿ, ಇಳಿಯುವ ಸ್ಟಾಪ್ ಮರೆತು, ಕೊನೆಗೆ ಮನೆಯ ಜಗುಲಿಯಲ್ಲಿ ಮುಗಿಸುತ್ತಿದ್ದರು. ನಮ್ಮಲ್ಲಿ ಅಂಥದನ್ನು ಬರೆಯುತ್ತಿದ್ದವರು ಒಬ್ಬರೇ, ಸಂಪಾದಕರಾದ ತಿಮ್ಮಪ್ಪಯ್ಯನವರು.

ತಿಮ್ಮಪ್ಪಯ್ಯನವರು ಮೊದಲು ಹಳ್ಳಿ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಬೇಸಗೆಯಲ್ಲೂ ಕಂದು ಸ್ವೆಟರ್ ಬಿಚ್ಚುತ್ತಿರಲಿಲ್ಲ. ಹೊಗಳಿಕೆ ಎನ್ನುವುದು ಅವರ ಬಾಯಿಯಿಂದ ಬರುತ್ತಲೇ ಇರಲಿಲ್ಲ. ತುಂಬ ಚೆನ್ನಾಗಿದ್ದರೆ "ಹ್ಞೂಂ, ಕಳಿಸು" ಎನ್ನುತ್ತಿದ್ದರು, ಅಷ್ಟೇ. ಆದರೆ ಅವರು ಬರೆದದ್ದನ್ನು ಓದಬೇಕು! ಬಟ್ಟೆ ಒಗೆಯುವವರ ಬಗ್ಗೆ ಬರೆದರೆ, ಓದಿದವರು ಮುಂದಿನ ಸಲ ಅಂಗಿ ಕೊಡುವಾಗ ಜೇಬು ನೋಡಿ, ಒಗೆಯುವವರ ಮುಖವನ್ನೂ ನೋಡಿ ಕೊಡುತ್ತಿದ್ದರು. ಅದು ಹೇಗೆ ಸಾಧ್ಯ ಎಂದು ನಾನು ಅವರ ಹಳೆಯ ಸಂಚಿಕೆಗಳನ್ನು ಕದ್ದು ಮನೆಗೆ ಒಯ್ದು ಓದುತ್ತಿದ್ದೆ.

ಒಂದು ಮಧ್ಯಾಹ್ನ ಧೈರ್ಯ ಮಾಡಿ ಅವರ ಮೇಜಿನ ಮುಂದೆ ನಿಂತೆ.

"ಸರ್, ನನಗೂ ಒಂದು ದೊಡ್ಡ ಲೇಖನ ಕೊಡಿ."

ಕೇಳಿದ ಧಾಟಿ, ಕೊಡದಿದ್ದರೆ ಇಲ್ಲೇ ಜಗಳ ಶುರು ಎನ್ನುವ ಹಾಗಿತ್ತು.

"ನಿಮ್ಮನೆ ಎಲ್ಲಮ್ಮ ಸುನಂದಾ?"

"ಯಶವಂತಪುರ ಸರ್."

"ಹಾಗಾದ್ರೆ ಪೀಣ್ಯ ಹತ್ರಾನೇ ಆಯ್ತು. ಅಲ್ಲಿ ಏನು ತಯಾರಾಗುತ್ತೆ?"

"ಕೈಗಾರಿಕಾ ವಸ್ತುಗಳು ಸರ್."

ಅವರು ಕನ್ನಡಕ ತೆಗೆದು ಸ್ವೆಟರಿನ ಅಂಚಿನಲ್ಲಿ ಒರೆಸಿದರು. "ವಸ್ತುಗಳು ಅಂತ ಬರೆಯೋರು ಅಡುಗೆ ಪುಟದಲ್ಲೇ ಇರಬೇಕು. ಹೋಗು, ಒಂದೇ ಒಂದು ವಸ್ತು ಹಿಡ್ಕೊಂಡು ಬಾ."

ಮಾರನೆಯ ದಿನ ಪೀಣ್ಯದಲ್ಲಿ ಗೊತ್ತುಗುರಿಯಿಲ್ಲದೆ ಅಲೆದು, ಮಳೆ ಬಂತೆಂದು ಒಂದು ಶೆಡ್ಡಿನ ಸೂರಿನಡಿ ನಿಂತಾಗ ಕಾಲ ಬಳಿ ಬಿದ್ದಿದ್ದ ವಾಶರನ್ನು ಎತ್ತಿಕೊಂಡು ಬಂದು ಅವರ ಮೇಜಿನ ಮೇಲೆ ಇಟ್ಟೆ. ಅವರು ಅದರ ತೂತಿನಲ್ಲಿ ಬೆರಳು ತೂರಿಸಲು ನೋಡಿದರು. ಹೋಗಲಿಲ್ಲ.

"ಸರಿ. ಇದರ ಮೇಲೆ ಎಂಟು ಪುಟ."

"ವಾಶರ್ ಮೇಲೆ ಎಂಟು ಪುಟಾನಾ ಸರ್?"

"ಓದಿಸ್ಕೊಂಡು ಹೋದ್ರೆ ಇನ್ಮೇಲೆ ನಿಂಗೆ ಇದೇ ಕೆಲಸ. ಇಲ್ದಿದ್ರೆ ಉಪ್ಪಿನಕಾಯಿ ಇದ್ದೇ ಇದೆ."

ಕಚೇರಿಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಮಾತ್ರ ಒಳಗೊಳಗೇ ಬೀಗಿದೆ. ಯಾಕೆಂದರೆ ನಮ್ಮಪ್ಪ ದೊಡ್ಡ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ಕಾರ್ಖಾನೆಯ ಬಸ್ಸು, ಕ್ಯಾಂಟೀನಿನ ಉಪ್ಪಿಟ್ಟು, ಸೈರನ್ನು, ಖಾಕಿ ಬಟ್ಟೆಯ ಮೇಲಿನ ಎಣ್ಣೆಯ ಕಲೆ ಇವುಗಳ ನಡುವೆಯೇ ಬೆಳೆದವಳು ನಾನು. ಯಂತ್ರಗಳ ವಿಷಯ ನನಗೆ ಯಾರು ಹೇಳಿಕೊಡಬೇಕು ಎಂಬ ಜಂಬ.

ಮಳೆ ಬಂದಾಗ ನಾನು ನಿಂತಿದ್ದ ಶೆಡ್ಡು ವರದರಾಜು ಎಂಬುವರದು. ದೊಡ್ಡ ಕಾರ್ಖಾನೆಯ ಕೆಲಸ ಬಿಟ್ಟು ಬಂದು ಸ್ವಂತಕ್ಕೆ ನಾಲ್ಕು ಪ್ರೆಸ್ಸು ಹಾಕಿಕೊಂಡಿದ್ದರು. ಪ್ರೆಸ್ಸೆಂದರೆ ಆಳೆತ್ತರದ ಯಂತ್ರ. ಕೆಲಸಗಾರ ಎದುರಿಗೆ ಕೂತು ಉಕ್ಕಿನ ಪಟ್ಟಿಯನ್ನು ಕೈಯಿಂದ ಒಳಗೆ ತಳ್ಳಿ, ಕಾಲಿನಿಂದ ಪೆಡಲ್ ಒತ್ತುತ್ತಾನೆ. ಮೇಲಿನ ಅಚ್ಚು, ಅವರ ಮಾತಿನಲ್ಲಿ ಡೈ, ಧಡ್ ಎಂದು ಇಳಿದು ವಾಶರು ಕತ್ತರಿಸಿ ಬೀಳುತ್ತದೆ. ಮತ್ತೆ ತಳ್ಳು, ಮತ್ತೆ ಒತ್ತು. ನಾಲ್ಕು ಪ್ರೆಸ್ಸುಗಳು ಒಟ್ಟಿಗೆ ಬಡಿಯುವಾಗ ಮೇಲೆ ತಗಡಿನ ಮೇಲೆ ಮಳೆಯೂ ಸುರಿದರೆ, ಕಿರುಚಿ ಮಾತಾಡಿದರೂ ಕೇಳುತ್ತಿರಲಿಲ್ಲ. ಸಂದರ್ಶನ ಮಾಡುತ್ತೇನೆಂದು ಹೋದ ನಾನು ಮೊದಲ ದಿನ ಮೂಕಿಯಾಗಿ ವಾಪಸು ಬಂದೆ.

ತಿಮ್ಮಪ್ಪಯ್ಯನವರು ಹೇಳಿಕೊಟ್ಟಿದ್ದ ಕ್ರಮವೂ ನನಗೆ ಹಿಂಸೆಯೇ. ಮೊದಲ ನಾಲ್ಕು ಸಲ ನೋಟ್‌ಬುಕ್ ತೆಗೆಯುವ ಹಾಗಿಲ್ಲ. ಸುಮ್ಮನೆ ಕೂತು ನೋಡಬೇಕು. ಐದನೆಯ ಸಲ ತೆಗೆದರೂ, ಅವರು ಆಡಿದ್ದನ್ನು ಆಡಿದ ಹಾಗೇ ಬರೆದುಕೊಳ್ಳಬೇಕು, ನನ್ನ ಕನ್ನಡ ಹಾಕುವ ಹಾಗಿಲ್ಲ. "ನೀನು ಹೋಗಿರೋದು ಅವರ ಹತ್ರ ಕೇಳೋಕೆ. ಅವರಿಗೆ ಭಾಷೆ ಕಲಿಸೋಕಲ್ಲ" ಎಂದಿದ್ದರು. ಎಲ್ಲಕ್ಕಿಂತ ವಿಚಿತ್ರವಾದದ್ದು ಕೊನೆಯ ಹಂತ. ಅವರದನ್ನು 'ಒಪ್ಪಿಸುವುದು' ಎನ್ನುತ್ತಿದ್ದರು. ಲೇಖನ ಅಚ್ಚಿಗೆ ಹೋಗುವ ಮುಂಚೆ, ಅದು ಯಾರ ಬಗ್ಗೆ ಇದೆಯೋ ಅವರ ಮುಂದೆ ಕೂತು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ. ಬೇರೆ ಪತ್ರಿಕೆಗಳವರು ಇದನ್ನು ಕೇಳಿ ಆಡಿಕೊಳ್ಳುತ್ತಿದ್ದರು. ನನಗೂ ಅದು ಮೇಷ್ಟರ ಹಳೆಯ ಗೀಳು ಎನಿಸಿತ್ತು.

ವಾರಕ್ಕೆ ಎರಡು ಮೂರು ಸಲದಂತೆ ಹೋಗತೊಡಗಿದೆ. ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸಿಳಿದು, ಲಾರಿಗಳು ಅರೆದಿಟ್ಟ ಕೆಂಪು ಕೆಸರಿನಲ್ಲಿ ಸೀರೆ ಎತ್ತಿಕೊಂಡು ನಡೆಯುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತಿತ್ತು. ಆದರೆ ಮೂರನೆಯ ವಾರ ಒಂದು ಗುಟ್ಟು ಗೊತ್ತಾಯಿತು. ಕರೆಂಟು ಹೋದರೆ ಮಾತು ಬರುತ್ತದೆ! ಆ ಕಾಲದಲ್ಲಿ ಪೀಣ್ಯಕ್ಕೆ ಹೇಳದೆ ಕೇಳದೆ ಕರೆಂಟು ಹೋಗುತ್ತಿತ್ತು. ಯಂತ್ರಗಳು ನಿಂತ ಕೂಡಲೇ ಎಲ್ಲರೂ ಬಾಗಿಲ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತು ಬೀಡಿ ಹಚ್ಚುವರು, ಊರು, ಹೆಂಡತಿ, ಸಿನಿಮಾ, ಎಲ್ಲ ಹೊರಬರುವುದು. ನಾನು ಬಸ್ಸಿನಲ್ಲಿ ಬರುವಾಗಲೇ 'ದೇವರೇ, ಇವತ್ತು ಒಂದು ಗಂಟೆಯಾದರೂ ಕರೆಂಟು ಹೋಗಲಿ' ಎಂದು ಬೇಡಿಕೊಳ್ಳುತ್ತಿದ್ದೆ. ಆ ಬೇಡಿಕೆಯನ್ನು ನೆನೆದರೆ ಈಗ ಕೆನ್ನೆಗೆ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಅಲ್ಲಿದ್ದವರಲ್ಲಿ ನನಗೆ ಹೆಚ್ಚು ಹೊಂದಿಕೊಂಡವನು ರಾಮಾಂಜಿ. ಚಿಕ್ಕಬಾಣಾವರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದ, ಮಾತಿನ ಮಲ್ಲ. ಒಂದು ದಿನ ಹೀಗೆ ಕರೆಂಟು ಹೋದಾಗ ಅವನು ಎರಡು ವಾಶರು ತಂದು ಒಂದೊಂದನ್ನೇ ಸಿಮೆಂಟು ನೆಲದ ಮೇಲೆ ಬೀಳಿಸಿದ.

"ಕೇಳ್ಸ್ಕೊಳ್ಳಿ ಮೇಡಂ. ಇದು ಟಿಣ್ ಅಂತು. ಇದು ಟಿಡ್ ಅಂತು. ಎರಡ್ನೇದು ಅಂಚಲ್ಲಿ ಸರಿಯಾಗಿ ಕಟ್ಟಾಗಿಲ್ಲ. ಡೈ ಮೊಂಡಾಗಿದೆ ಅಂತ ಅರ್ಥ."

ಎಷ್ಟು ಸಲ ಬೀಳಿಸಿದರೂ ನನ್ನ ಕಿವಿಗೆ ಎರಡೂ ಒಂದೇ.

"ನಮ್ಗೂ ಮೊದ್ಲು ಹಂಗೇ ಆಗಿತ್ತು ಬಿಡಿ. ಗಂಗಣ್ಣ ಕಲ್ಸಿದ್ದು ಇದು. ಬಾಗಲಗುಂಟೆ ಗಂಗಹನುಮಯ್ಯ. ಮೂರ್ನೇ ಮಷಿನ್ ಅವನ್ದೇ ಇತ್ತು. ಸಕ್ಕತ್ ಕೈ ಅವನ್ದು."

"ಈಗೆಲ್ಲಿ ಅವರು?"

ರಾಮಾಂಜಿ ಮೂರನೆಯ ಯಂತ್ರದ ಕಡೆ ಒಂದು ಸಲ ನೋಡಿ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಯುಗಾದಿ ಮುಂದೆ ಕೈ ಕೊಟ್ಬಿಟ್ಟ ಮೇಡಂ. ಆಮೇಲಿಂದ ಬರ್ತಿಲ್ಲ." ಅಷ್ಟರಲ್ಲಿ ಕರೆಂಟು ಬಂತು, ಎಲ್ಲರೂ ಎದ್ದರು.

ಕೈ ಕೊಡುವುದೆಂದರೆ ಏನೆಂದು ಯಾವ ಕನ್ನಡದ ಮಗುವಿಗೆ ಗೊತ್ತಿಲ್ಲ? ಮದುವೆಗೆ ಒಪ್ಪಿ ಕೈ ಕೊಡುತ್ತಾರೆ, ಸ್ನೇಹಿತರು ಕೈ ಕೊಡುತ್ತಾರೆ, ಪರೀಕ್ಷೆಯ ದಿನ ಪೆನ್ನು ಕೈ ಕೊಡುತ್ತದೆ. ಅವತ್ತೇ ವರದರಾಜು ಅವರನ್ನೂ ಕೇಳಿದೆ. ಅವರು ರಿಜಿಸ್ಟರಿನಿಂದ ತಲೆ ಎತ್ತದೆ, "ಗಂಗಹನುಮಯ್ಯನಾ? ಒಳ್ಳೆ ಅರ್ಜೆಂಟ್ ಆರ್ಡರ್ ಟೈಮಲ್ಲಿ ಕೈ ಕೊಟ್ಟ. ಏನ್ ಮಾಡೋದು ಹೇಳಿ" ಎಂದರು. ಇಬ್ಬರು ಬೇರೆ ಬೇರೆಯವರು, ಒಂದೇ ಮಾತು. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ? ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ರಾಮಾಂಜಿ ಅಂಗೈ ಒರೆಸಿಕೊಂಡದ್ದನ್ನೂ ಬರೆದುಕೊಂಡೆ, ವರ್ಣನೆಗೆ ಬೇಕಾದೀತು ಎಂದು.

ಮಳೆ ಹಿಂದೆಗೆಯುವ ಹೊತ್ತಿಗೆ ಬರೆಯಲು ಕೂತೆ. ಮೊದಲ ಕರಡು ದೇಶದ ಕೈಗಾರಿಕಾ ಪ್ರಗತಿಯಿಂದ ಶುರುವಾಗಿತ್ತು. ತಿಮ್ಮಪ್ಪಯ್ಯನವರು ಎರಡು ಪುಟಗಳಿಗೆ ಅಡ್ಡಗೆರೆ ಎಳೆದು, "ಮೂರನೇ ಪುಟದಲ್ಲಿ ಮಳೆ ಬಂತು ಅಂತ ಶೆಡ್ಡಿನ ಕೆಳಗೆ ನಿಂತಿದ್ದೀಯ. ಅಲ್ಲಿವರೆಗೆ ನೀನು ಬರೀ ಗಂಟಲು ಸರಿ ಮಾಡ್ಕೊಂಡಿದ್ದೀಯ" ಎಂದರು. ಎರಡನೆಯ ಕರಡಿನಲ್ಲಿ 'ಬೆವರು ಸುರಿಸಿ' ಎಂಬುದನ್ನು ಐದು ಕಡೆ ಹೊಡೆದುಹಾಕಿ, "ಯಾವಾಗ ಬೆವರಿದ, ಎಲ್ಲಿ ಬೆವರಿದ, ಯಾತರಲ್ಲಿ ಒರೆಸಿಕೊಂಡ ಅಂತ ಹೇಳು. ಇಲ್ಲದಿದ್ರೆ ಬೆವರು ಬೇಡ" ಎಂದರು. ಮಾಲೀಕರಿಗೆಲ್ಲ 'ಅವರು' ಎಂದೂ ಕೆಲಸಗಾರರಿಗೆಲ್ಲ 'ಅವನು' ಎಂದೂ ಬರೆದಿದ್ದೆ. ಅಂಥ ಎಲ್ಲ 'ಅವನು'ಗಳ ಕೆಳಗೂ ಒಂದೊಂದು ಗೀಟು ಎಳೆದರು. ಮನೆಗೆ ಬಂದು ದಿಂಬಿಗೆ ಮುಖ ಒತ್ತಿ ಅತ್ತೆ. ಆದರೂ ನಾಚಿಕೆ ಬಿಟ್ಟು ಹೇಳುತ್ತೇನೆ, ಅಷ್ಟು ಕಾಳಜಿಯಿಂದ ನನ್ನ ಅಕ್ಷರಗಳನ್ನು ಅವರಿಗಿಂತ ಮುಂಚೆಯಾಗಲಿ ಆಮೇಲಾಗಲಿ ಯಾರೂ ಓದಿಲ್ಲ.

ನಾಲ್ಕನೆಯ ಕರಡಿಗೆ "ಹ್ಞೂಂ" ಬಂತು. "ಕಳಿಸು" ಬರಲಿಲ್ಲ. ಪೆನ್ಸಿಲಿನ ತುದಿ ಒಂದು ಕಡೆ ನಿಂತಿತ್ತು. ಆರನೆಯ ಪುಟದಲ್ಲಿ ನಾನು ಬಹಳ ಮೆಚ್ಚಿಕೊಂಡು ಬರೆದಿದ್ದ ವಾಕ್ಯವದು: 'ಮೂರನೇ ಯಂತ್ರದ ಗಂಗಹನುಮಯ್ಯ ಆರ್ಡರು ತುಂಬಿದ್ದ ಸಮಯದಲ್ಲೇ ಮಾಲೀಕರಿಗೆ ಕೈ ಕೊಟ್ಟು ಹೋದ. ಬೇರೆ ಕಡೆ ಹೆಚ್ಚಿನ ಸಂಬಳದ ಆಸೆ ಇದ್ದಿರಬೇಕು.'

"ಇದ್ದಿರಬೇಕು ಅಂದ್ರೇನಮ್ಮ?"

"ಊಹೆ ಸರ್. ಆದ್ರೆ ಕೈ ಕೊಟ್ಟಿದ್ದು ನಿಜ. ಇಬ್ಬರನ್ನ ಕೇಳಿದೀನಿ."

"ಮೂರನೆಯವನನ್ನ?"

"ಯಾರು ಸರ್ ಮೂರನೆಯವರು?"

"ಗಂಗಹನುಮಯ್ಯ." ಪೆನ್ಸಿಲನ್ನು ಮೇಜಿನ ಮೇಲಿಟ್ಟರು. "ಇರಬೇಕು ಅನ್ನೋ ಪದ ಎಲ್ಲಿದೆಯೋ ಅಲ್ಲಿಗೆ ನೀನು ಹೋಗಿಲ್ಲ ಅಂತ ಅರ್ಥ. ಕಂಪೋಸ್ ಆಗಲಿ. ಆದ್ರೆ ಒಪ್ಪಿಸೋವಾಗ ನಾನೂ ಬರ್ತೀನಿ."

ಶೆಡ್ಡಿನ ವಾರದ ರಜೆಯ ದಿನ, ಬೆಳಿಗ್ಗೆ ಹತ್ತಕ್ಕೆ ನಾವಿಬ್ಬರೂ ಹೋದೆವು. ಅಚ್ಚುಮೊಳೆ ಜೋಡಿಸಿ ತೆಗೆದ ಕರಡಚ್ಚಿನ ಉದ್ದುದ್ದ ಹಾಳೆಗಳು ನನ್ನ ಕೈಯಲ್ಲಿದ್ದವು. ನಾಲ್ಕು ಜನ ಕೆಲಸಗಾರರು ರಜೆಯಿದ್ದರೂ ಬಂದಿದ್ದರು, ಎಣ್ಣೆ ಹಾಕಿ ತಲೆ ಬಾಚಿಕೊಂಡು. ವರದರಾಜು ತಾವೇ ಎಲ್ಲರಿಗೂ ಟೀ ತರಿಸಿ ಕುರ್ಚಿಯ ಅಂಚಿನಲ್ಲಿ ಕೂತರು. ನಾನು ಓದತೊಡಗಿದೆ. ಅಬ್ಬಾ, ಆ ಗಳಿಗೆ! ತನ್ನ ಮಾತು ತನ್ನ ಬಾಯಿಂದ ಬಂದ ಹಾಗೇ ಅಚ್ಚಿನಲ್ಲಿರುವುದನ್ನು ಕೇಳಿ ರಾಮಾಂಜಿ, "ಲೇ, ಇದು ನಾನ್ ಅಂದಿದ್ದು ಕಣ್ರೋ!" ಎಂದು ತೊಡೆ ತಟ್ಟಿಕೊಂಡ. ಒಬ್ಬರು ಪೆಡಲಿನ ವಿಷಯದಲ್ಲಿ ಒಂದು ತಪ್ಪು ಹಿಡಿದರು. ಅದನ್ನು ತಿದ್ದಿಕೊಂಡೆ. ಐದು ಪುಟ ಹೀಗೇ ಹೋಯಿತು.

ಆರನೆಯ ಪುಟದ ಆ ವಾಕ್ಯ ಓದಿದೆ. ಯಾರೂ ನಗಲಿಲ್ಲ. ತಲೆ ಎತ್ತಿದರೆ ಎಲ್ಲರೂ ನೆಲ ನೋಡುತ್ತಿದ್ದರು.

"ಮೇಡಂ," ಎಂದ ರಾಮಾಂಜಿ ಮೆಲ್ಲಗೆ. "ಗಂಗಣ್ಣ ಕೈ ಕೊಟ್ಟ ಅಂದ್ರೆ... ಕೈ ಕೊಟ್ಟ." ಅವನು ತನ್ನ ಬಲಗೈಯನ್ನು ಮುಂದೆ ಚಾಚಿ, ಎಡಗೈಯಿಂದ ನಾಲ್ಕು ಬೆರಳುಗಳನ್ನು ಮಡಚಿ ಮುಚ್ಚಿ ತೋರಿಸಿದ.

ನನಗೆ ತಕ್ಷಣ ಅರ್ಥವಾಗಲಿಲ್ಲ. ಆದಾಗ ಕೈಯಲ್ಲಿದ್ದ ಹಾಳೆಗಳನ್ನು ಮಡಿಲಿಗೆ ಇಳಿಸಿದೆ.

"ಬೆರಳು ಹೋಯ್ತು, ಕಟ್ಟಾಯ್ತು ಅಂತೆಲ್ಲ ಮಷಿನ್ ಮುಂದೆ ಅನ್ನಲ್ಲ ಮೇಡಂ. ಅಂದ್ರೆ ಅದಕ್ಕೆ ರುಚಿ ಹತ್ತತ್ತೆ ಅಂತಾರೆ. ಅದಕ್ಕೇ ಕೈ ಕೊಟ್ಟ ಅಂತೀವಿ. ಪೀಣ್ಯದಲ್ಲೆಲ್ಲಾ ಹಂಗೇ."

ನಮ್ಮ ಮನೆಯಲ್ಲಿ ಡಬ್ಬಿಯಲ್ಲಿ ಅಕ್ಕಿ ಮುಗಿದರೆ ಅಮ್ಮ ಮುಗಿಯಿತು ಎನ್ನುವುದಿಲ್ಲ, 'ಅಕ್ಕಿ ತುಂಬಿದೆ' ಎನ್ನುತ್ತಾಳೆ. ಬಳೆ ಒಡೆದರೆ 'ಬಳೆ ಹೆಚ್ಚಿತು' ಎನ್ನುತ್ತಾಳೆ. ದಿನಾ ಅದೇ ಮಾತುಗಳನ್ನು ಕೇಳಿ ಬೆಳೆದ ನನಗೆ, ಕೆಟ್ಟದ್ದನ್ನು ಬಾಯಲ್ಲಿ ಹೇಳದೆ ದಾಟಿಸುವ ನಮ್ಮ ಜನರ ಈ ಅಭ್ಯಾಸ ಹೊಳೆಯಲೇ ಇಲ್ಲವಲ್ಲ! ಎದುರಿಗೆ ಕೂತವನು ಅಂಗೈ ಒರೆಸಿಕೊಂಡದ್ದನ್ನು ಕಣ್ಣಾರೆ ನೋಡಿ, ಬರೆದುಕೊಂಡು, ವರ್ಣನೆಗೆಂದು ಎತ್ತಿಟ್ಟುಕೊಂಡಿದ್ದೆನಲ್ಲ ದಡ್ಡ ಶಿಖಾಮಣಿ!

ವರದರಾಜು ಟೀ ಲೋಟದ ತಳವನ್ನೇ ನೋಡುತ್ತಿದ್ದರು. "ನಾನೂ ಅದೇ ಅರ್ಥದಲ್ಲೇ ಹೇಳಿದ್ದು" ಎಂದರು. ನಾನು ಬೇರೆ ಅರ್ಥ ಮಾಡಿಕೊಂಡಿದ್ದೇನೆಂದು ಆಗಲೇ ಅವರಿಗೆ ಹೊಳೆದಿದ್ದೂ ಸುಮ್ಮನಿದ್ದಿರಬೇಕು ಎಂದು ಬರೆಯಲು ನನ್ನ ಬೆರಳು ಇವತ್ತಿಗೂ ತುರಿಸುತ್ತದೆ. ಆದರೆ 'ಇರಬೇಕು' ಬರೆಯುವ ಹಾಗಿಲ್ಲವಲ್ಲ.

ರಾಮಾಂಜಿ ಇನ್ನೊಂದು ವಿಷಯ ಹೇಳಿದ. ಗಂಗಣ್ಣನ ಗಾಯ ಮಾಗಿತ್ತು, ಯಂತ್ರದ ಮುಂದೆ ಕೂರಲಾಗದಿದ್ದರೂ ಮಾಲು ತಪಾಸಣೆಯ ಕೆಲಸ ಕೊಡಿ ಎಂದು ಅವರು ಶೆಡ್ಡಿನಿಂದ ಶೆಡ್ಡಿಗೆ ಕೇಳುತ್ತಿದ್ದರು. ಪೀಣ್ಯದಲ್ಲಿ ಒಬ್ಬ ಮಾಲೀಕರ ಮಾತು ಸಂಜೆಯೊಳಗೆ ಹತ್ತು ಮಾಲೀಕರ ಕಿವಿಗೆ ಬೀಳುತ್ತದೆ. ಇನ್ನು, ಆರ್ಡರಿನ ಹೊತ್ತಿಗೆ ಬಿಟ್ಟು ಓಡುವ ಆಳು ಎಂದು ಪತ್ರಿಕೆಯಲ್ಲಿ ಹೆಸರು ಸಮೇತ ಬಂದರೆ ಯಾರು ಬಾಗಿಲು ತೆರೆಯುತ್ತಾರೆ?

"ಆ ಸಾಲು ತೆಗೆದುಬಿಡ್ತೀನಿ ಸರ್. ಗಂಗಹನುಮಯ್ಯನ ಹೆಸರೇ ಬೇಡ" ಎಂದೆ.

ತಿಮ್ಮಪ್ಪಯ್ಯನವರು ಆಗಲೇ ಎದ್ದು ಕೊಡೆ ಹಿಡಿದಿದ್ದರು. "ಅದನ್ನ ನನಗ್ಯಾಕೆ ಹೇಳ್ತೀಯ? ಅವರಿಗೆ ಹೋಗಿ ಒಪ್ಪಿಸು. ನಡಿ."

ಬಾಗಲಗುಂಟೆಗೆ ನಡೆದೇ ಹೋದೆವು. ರಾಮಾಂಜಿ ಸೈಕಲ್ ತಳ್ಳಿಕೊಂಡು ದಾರಿ ತೋರಿಸಿದ. ಗಂಗಹನುಮಯ್ಯನವರ ಮನೆ ಊರೊಳಗಿನ ಹಳೆಯ ಹೆಂಚಿನ ಮನೆ. ಅಂಗಳದ ಒಂದು ಪಕ್ಕ ಅವರ ಹೆಂಡತಿ ನಂಜಮ್ಮ ಫ್ಯಾಕ್ಟರಿ ಹುಡುಗರಿಗೆ ಊಟದ ಮೆಸ್ಸು ನಡೆಸುತ್ತಿದ್ದರು. ರಾಗಿ ಹಿಟ್ಟು ಬೇಯುವ ವಾಸನೆ ಬೀದಿಗೆ ಬರುತ್ತಿತ್ತು. ಗಂಗಹನುಮಯ್ಯ ಜಗುಲಿಯ ಮೇಲಿದ್ದರು. ನಲವತ್ತು ದಾಟಿದ ಮಟ್ಟಸ ಆಳು, ಬಲಗೈಯನ್ನು ಪಂಚೆಯ ಮಡಿಕೆಯೊಳಗೆ ಇಟ್ಟುಕೊಂಡಿದ್ದರು. ಪತ್ರಿಕೆಯವರು ಎಂದಾಗ ಎದ್ದು ಎಡಗೈಯಿಂದಲೇ ಚಾಪೆ ಹಾಸಿದರು.

ತಿಮ್ಮಪ್ಪಯ್ಯನವರು ಕೂರಲಿಲ್ಲ. ಕೈ ಮುಗಿದರು. "ನಿಮ್ಮ ವಿಷಯದಲ್ಲಿ ತಪ್ಪು ಬರೆದಿದ್ದೀವಿ. ಇನ್ನೂ ಅಚ್ಚಾಗಿಲ್ಲ. ನೀವು ಕೇಳಿ, ಹೇಗಿರಬೇಕು ಅಂತ ಹೇಳಬೇಕು." ನನ್ನ ಕಡೆ ತಿರುಗಿದರು. "ಓದಮ್ಮ. ಇರೋದನ್ನ ಇರೋ ಹಾಗೇ ಓದು."

ಒಬ್ಬ ಮನುಷ್ಯನ ಮುಖದೆದುರು ಅವನ ಮೇಲಿನ ಅಪವಾದವನ್ನು ಓದುವುದೆಂದರೆ ಏನೆಂದು ಅವತ್ತು ಗೊತ್ತಾಯಿತು. 'ಕೈ ಕೊಟ್ಟು ಹೋದ' ಎಂಬಲ್ಲಿಗೆ ಬಂದಾಗ ಓದು ನಿಂತುಹೋಯಿತು. ಎರಡು ಸಲ ತಡವರಿಸಿ ಓದಿ ಮುಗಿಸಿದೆ. ನಂಜಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಿದ್ದರು.

ಗಂಗಹನುಮಯ್ಯ ನಕ್ಕರು. ಹೌದು, ನಕ್ಕರು. ದೊಡ್ಡದಾಗಿ, ಬಾಯ್ತುಂಬ.

"ಸರಿಯಾಗೇ ಬರ್ದಿದ್ದೀಯ ಕಣವ್ವ. ಕೈ ಕೊಟ್ಟಿದ್ದು ದಿಟಾನೇ." ಪಂಚೆಯೊಳಗಿನಿಂದ ಕೈ ತೆಗೆದು ಮಂಡಿಯ ಮೇಲಿಟ್ಟರು. ಹೆಬ್ಬೆರಳೊಂದೇ ಇತ್ತು. "ಕರೆಂಟು ಓಗಿತ್ತು. ಡೈನಾಗೆ ಪಟ್ಟಿ ಸಿಕ್ಕಾಕ್ಕೊಂಡಿತ್ತು, ತೆಗ್ಯಾನ ಅಂತ ಕೈ ಆಕ್ದೆ. ಸ್ವಿಚ್ ಆರ್ಸೋದು ಮರ್ತಿದ್ದೆ, ಕಾಲು ಪೆಡಲ್ ಮ್ಯಾಲೇ ಇತ್ತು. ಕರೆಂಟು ಬಂದ್ಬುಡ್ತು." ಸ್ವಲ್ಪ ತಡೆದು, "ಆದ್ರೆ ಒಂದು ಮಾತು ತಪ್ಪು ಬರ್ದಿದ್ದೀಯ ನೋಡು. ಕೈ ಕೊಟ್ಟು 'ಓದ' ಅಂದಿದ್ದೀಯಲ್ಲ. ನಾನೆಲ್ಲಿಗೆ ಓದೆ? ಇಲ್ಲೇ ಇವ್ನಿ."

"ನಿಮ್ಮ ಹೆಸರು ತೆಗೆದುಬಿಡ್ತೀನಿ" ಎಂದೆ.

"ಯಾಕೆ ತೆಗ್ಯಾದು?" ಎಂದರು ನಂಜಮ್ಮ ಬಾಗಿಲಿಂದ, ಸಿಟ್ಟಿನಲ್ಲೇ. "ಅಲ್ಲಿ ಎಲ್ರಿಗೂ ಕೆಲ್ಸ ಕಲ್ಸಿದ್ದು ಇವ್ರು. ಎಲ್ರ ಎಸ್ರೂ ಇದ್ದು ಇವ್ರದ್ ಇಲ್ದಂಗೆ ಮಾಡ್ತೀಯಾ?"

ಹಾಗೆ ಆ ಜಗುಲಿಯ ಮೇಲೆ ಕೂತು ಆರನೆಯ ಪುಟವನ್ನು ಮತ್ತೆ ಬರೆದೆ. ಗಂಗಹನುಮಯ್ಯ ಒಂದು ಹಿಡಿ ವಾಶರು ತಂದು ಜಗುಲಿಯ ಕಲ್ಲಿನ ಮೇಲೆ ಒಂದೊಂದಾಗಿ ಬೀಳಿಸಿದರು. ಅವರು ಕಣ್ಣು ಮುಚ್ಚಿಕೊಂಡೇ ಒಳ್ಳೆಯದು, ಕೆಟ್ಟದ್ದು ಎಂದು ಬೇರೆ ಮಾಡುವುದನ್ನು ಮಧ್ಯಾಹ್ನದವರೆಗೆ ನೋಡಿದೆ. ಕೊನೆಗೊಮ್ಮೆ ನನ್ನ ಕಿವಿಗೂ ಆ ವ್ಯತ್ಯಾಸ ಕೇಳಿತು. ಕೇಳಿದಾಗ ಆದ ಸಂತೋಷವನ್ನು ಏನೆಂದು ಹೇಳಲಿ! ಊಟದ ಹೊತ್ತಿಗೆ ನಂಜಮ್ಮನ ಸಿಟ್ಟು ಇಳಿದಿತ್ತು. ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದರು. ಯಾರಿಗೂ ಮಣಿಯದ ತಿಮ್ಮಪ್ಪಯ್ಯನವರು ನಂಜಮ್ಮನ ಒತ್ತಾಯಕ್ಕೆ ಎರಡನೆಯ ಮುದ್ದೆ ಹಾಕಿಸಿಕೊಂಡರು.

ಸಂಜೆ ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಕಾಫಿ ಲೋಟ ಕೆಳಗಿಟ್ಟು, "ನಮ್ಮ ಫ್ಯಾಕ್ಟರೀಲೂ ಹಾಗೇ ಅನ್ನೋದು ಕಣೇ. ಕೇಳಿದ್ರೆ ಹೇಳ್ತಿದ್ದೆನಲ್ಲ" ಎಂದರು. ಯಂತ್ರದ ವಿಷಯ ನನಗೆ ಯಾರು ಹೇಳಿಕೊಡಬೇಕು ಎಂದುಕೊಂಡಿದ್ದವಳು ನಾನು. ಕೈಕಾಲು ತೊಳೆಯಲು ಎದ್ದುಹೋದೆ.

ಲೇಖನ ಎಂಟು ಪುಟವೂ ಬಂತು. ಆರನೆಯ ಪುಟದಲ್ಲಿ ಹೀಗಿತ್ತು: 'ಮೂರನೇ ಯಂತ್ರದ ಗಂಗಹನುಮಯ್ಯನವರು ಕೈ ಕೊಟ್ಟರು. ಎಲ್ಲಿಗೂ ಹೋಗಲಿಲ್ಲ.' ಆಮೇಲೆ ಆ ಮಾತಿನ ಅರ್ಥ, ಕರೆಂಟು ಬಂದ ಗಳಿಗೆ, ಜಗುಲಿಯ ಕಲ್ಲಿನ ಮೇಲೆ ಬೀಳುವ ವಾಶರಿನ ಸದ್ದು. ತಿಮ್ಮಪ್ಪಯ್ಯನವರು ಕೊನೆಯ ಪ್ರೂಫ್ ಓದಿ "ಹ್ಞೂಂ, ಕಳಿಸು" ಎಂದರು. ಅಡುಗೆ ಪುಟ ಬೇರೆಯವರ ಪಾಲಾಯಿತು. ಆದರೆ ಗಂಗಹನುಮಯ್ಯನವರಿಗೆ ತಪಾಸಣೆಯ ಮೇಜು ಸಿಕ್ಕಿದ್ದು ಪತ್ರಿಕೆ ಹೊರಬರುವ ಮೊದಲೇ, ವರದರಾಜು ಅವರ ಶೆಡ್ಡಿನಲ್ಲೇ. ಒಪ್ಪಿಸಿದ ಮಾರನೆಯ ದಿನ ಆ ನಾಲ್ಕೂ ಜನ ಯಂತ್ರದ ಮುಂದೆ ಕೂರದೆ ಮಾಲೀಕರ ಕೋಣೆಯಲ್ಲಿ ಹೋಗಿ ನಿಂತರಂತೆ. ಇದನ್ನು ರಾಮಾಂಜಿ ಹೇಳಿದ್ದು, ವರದರಾಜು ಅವರೂ ಒಪ್ಪಿಕೊಂಡದ್ದು, ಗಂಗಹನುಮಯ್ಯನವರನ್ನೂ ಕೇಳಿ ಖಚಿತ ಮಾಡಿಕೊಂಡದ್ದು.

ಆಮೇಲೆ ಮೂವತ್ತು ವರ್ಷ ನಾನು ಇಂಥ ಬರಹಗಳನ್ನೇ ಬರೆದೆ. ಪ್ರತಿಯೊಂದನ್ನೂ ಒಪ್ಪಿಸಿದೆ. ಬೈಸಿಕೊಂಡಿದ್ದೇನೆ, ಒಂದು ಸಲ ನಾಯಿ ಬಿಟ್ಟಿದ್ದಾರೆ. ತಿಮ್ಮಪ್ಪಯ್ಯನವರು ಈಗಿಲ್ಲ. ಅವರಂಥ ಸಂಪಾದಕರ ಕೈ ಕೆಳಗೆ ಕೆಲಸ ಕಲಿತದ್ದು ನನ್ನ ಜೀವನದ ದೊಡ್ಡ ಭಾಗ್ಯ. ಅವರೆದುರು ಇದನ್ನು ಹೇಳಿದ್ದರೆ ಪೆನ್ಸಿಲ್ ಎತ್ತಿಕೊಂಡು 'ದೊಡ್ಡ ಭಾಗ್ಯ'ವನ್ನು ಹೊಡೆದುಹಾಕುತ್ತಿದ್ದರು.

ಗೀಸರ್ ಸರಿಹೋದ ವಾರ ಇದಿಷ್ಟನ್ನೂ ಬರೆದೆ. ಬರೆದ ಮೇಲೆ ಒಪ್ಪಿಸದೆ ಇರಲಾಗುವುದೇ? ಮೊನ್ನೆ ಮೆಟ್ರೋ ಹತ್ತಿ ಇಳಿದು, ಆಟೋ ಹಿಡಿದು ಬಾಗಲಗುಂಟೆಗೆ ಹೋದೆ. ಹೆಂಚಿನ ಮನೆಯಿದ್ದಲ್ಲಿ ಮೂರು ಮಹಡಿ ಎದ್ದಿದೆ. ಕೆಳಗೆ ನಂಜಮ್ಮನವರ ಮೆಸ್ಸು ಇನ್ನೂ ಇದೆ. ಮಗಳು ನಡೆಸುತ್ತಾಳೆ, ನಂಜಮ್ಮ ಕ್ಯಾಶ್ ಮೇಜಿನ ಹಿಂದೆ ಕೂತು ಎಲ್ಲರಿಗೂ ದಬಾಯಿಸುತ್ತಾರೆ. ಗಂಗಹನುಮಯ್ಯನವರು ತೀರಿಕೊಂಡಿದ್ದು ನನಗೆ ಗೊತ್ತಿತ್ತು. ಫೋಟೋಕ್ಕೆ ಕೈ ಮುಗಿದು, ಅದರ ಕೆಳಗಿನ ಬೆಂಚಿನಲ್ಲೇ ಕೂತು ಮೊದಲಿನಿಂದ ಓದಿದೆ. ನಂಜಮ್ಮ ಕಣ್ಣು ಮುಚ್ಚಿಕೊಂಡು ಕೇಳಿದರು. ತಾವು ಬೈದದ್ದನ್ನು ಕೇಳಿ ಬಾಯಿಗೆ ಸೆರಗು ಹಿಡಿದು ನಕ್ಕರು. ಓದಿ ಮುಗಿಸಿ, "ಸರಿಯಾಗಿದೆಯಾ ನಂಜಮ್ಮನೋರೇ?" ಎಂದು ಕೇಳಿದೆ.

"ಎಲ್ಲಾ ಸರಿ ಐತೆ. ಒಂದು ತಪ್ಪು."

ಪೆನ್ನು ತೆಗೆದೆ.

"ನಕ್ರು ಅಂತ ಬರ್ದಿದ್ದೀಯಲ್ಲ, ಬಾಯ್ತುಂಬ. ಅವ್ರು ನಗ್ಲಿಲ್ಲ ಕಣವ್ವ ಅವತ್ತು. ಓದ್ತಾ ಓದ್ತಾ ನೀನು ಅಳೋ ಅಂಗಾಗಿದ್ದೆ. ನಿನ್ ಮುಖ ನೋಡಿ ನಕ್ಕಂಗ್ ಮಾಡುದ್ರು. ನೀವೆಲ್ಲಾ ಒಂಟೋದ್ಮ್ಯಾಲೆ ಮನೆ ಇಂದ್ಲ ಇತ್ಲಿಗೆ ಓಗಿ, ಬಲಗೈನ ಎಡಗೈಯಾಗೆ ಇಡ್ಕಂಡು ಕುಂತಿದ್ರು, ದೀಪ ಅಚ್ಚೋ ಗಂಟ." ಫೋಟೋದ ಕಡೆ ನೋಡಿದರು. "ಬರ್ಕೋ."

ಬರೆದುಕೊಂಡೆ.